ಅಣ್ಣ ತೊಳೆದ ಗಾಡಿ

ದಾರ್ ಎಸ್ ಸಲಾಮಿನ ಕರಿಯಾಕೂ ಪೇಟೆಯಲ್ಲಿ ನಲ್ಲಿ, ಪೈಪು, ಕಮೋಡು ಮಾರುವ ಎಲಿಸಾರಿಯಾನಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಯಾರ ಹೆದರಿಕೆಯೂ ಇರಲಿಲ್ಲ. ಗಿರಾಕಿಯನ್ನು ಬೈದು ಮತ್ತೆ ಅದೇ ಗಿರಾಕಿಗೆ ಟೀ ಕುಡಿಸಿ ಕಳಿಸುವ ಗಂಡಸು ಅವನು. ಡಿಸೆಂಬರ್ ಹತ್ತಿರ ಬಂತೆಂದರೆ ಮಾತ್ರ ಹೆದರಿಕೆ ಶುರುವಾಗುತ್ತಿತ್ತು. ಡಿಸೆಂಬರಿನಲ್ಲಿ ಅವನಂಥ ಚಗ್ಗಾ ಕುಲದ ಜನ ಬೆಟ್ಟ ಹತ್ತಲೇಬೇಕು. ದೇಶದ ಯಾವ ಮೂಲೆಯಲ್ಲಿ ಅಂಗಡಿ ಇಟ್ಟಿರಲಿ, ಕ್ರಿಸ್ಮಸ್ಸಿಗೆ ಕಿಲಿಮಂಜಾರೋದ ಮಗ್ಗುಲಿನ ತನ್ನ ಬಾಳೆತೋಟಕ್ಕೆ ಬಂದು ಮುಖ ತೋರಿಸಬೇಕು. ಬಾರದವನು ಒಂದೋ ಸತ್ತಿದ್ದಾನೆ, ಇಲ್ಲವೇ ಜೈಲಿನಲ್ಲಿದ್ದಾನೆ ಎಂದು ಜನ ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಬಂದರಷ್ಟೇ ಸಾಲದು, ಯಾವುದರಲ್ಲಿ ಬಂದ ಎಂಬುದನ್ನೂ ಅವನ ಊರಾದ ಮರಂಗುವಿನ ಹೆಂಗಸರು ರಸ್ತೆ ಬದಿಯಲ್ಲಿ ಬಾಳೆಗೊನೆ ಮಾರುತ್ತಲೇ ನೋಡಿಟ್ಟುಕೊಳ್ಳುತ್ತಾರೆ.

ಹದಿನೈದು ವರ್ಷ ಎಲಿಸಾರಿಯಾ ಬಸ್ಸಿನಲ್ಲಿ ಬಂದ. ಆಮೇಲೆ ಆರು ವರ್ಷ ಒಂದು ಸಣ್ಣ ಕಾರಿನಲ್ಲಿ ಬಂದ. ಆ ಕಾರು ಮಳೆ ಬಂದ ದಿನ ಏರಿನಲ್ಲಿ ಜಾರುತ್ತಿತ್ತು, ಆದರೆ ಒಂದು ದಿನವೂ ಕೈಕೊಡಲಿಲ್ಲ. ಕೈಕೊಡದ ವಸ್ತುವಿಗೆ ಯಾರು ಬೆಲೆ ಕೊಡುತ್ತಾರೆ? ಅರುಷಾದಲ್ಲಿ ಲಾಡ್ಜು ನಡೆಸುವ ಅವನ ದೊಡ್ಡಪ್ಪನ ಮಗ ಗಾಡ್‌ಲಿಸನ್ ಒಂದು ಕ್ರಿಸ್ಮಸ್ಸಿಗೆ ಆನೆಯಂಥ ಗಾಡಿಯಲ್ಲಿ ಬಂದಿಳಿದು, ಇವನ ಕಾರಿನ ನೆತ್ತಿಯ ಮೇಲೆ ಮೊಣಕೈ ಊರಿ ನಿಂತು, "ಇದನ್ನ ಮಡಚಿ ಜೇಬಲ್ಲಿ ಇಟ್ಕೋಬಹುದೇನೋ?" ಎಂದ. ಎಲ್ಲರೂ ನಕ್ಕರು. ಎಲಿಸಾರಿಯಾನೂ ನಕ್ಕ. ಮುಂದಿನ ಜೂನ್ ತಿಂಗಳಲ್ಲಿ, ಹೆಂಡತಿಗೆ ಒಂದು ಮಾತೂ ಹೇಳದೆ, ಬಂದರಿನ ಪಕ್ಕದ ಹಳೆ ಗಾಡಿಗಳ ಅಂಗಳಕ್ಕೆ ಹೋಗಿ ಕಪ್ಪು ಬಣ್ಣದ, ಚರ್ಮದ ಸೀಟಿನ, ನೆತ್ತಿಯ ಮೇಲೆ ಗಾಜಿನ ಕಿಟಕಿ ಇರುವ ಒಂದು ಭಾರಿ ಎಸ್‌ಯುವಿ ತಂದ. ಯಾವುದೋ ಚಳಿ ದೇಶದಲ್ಲಿ ಏಳು ವರ್ಷ ಓಡಿ, ಹಡಗು ಹತ್ತಿ ಬಂದದ್ದು.

ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. ದೊಡ್ಡ ಮಗಳು ನೇಮಾಳ ಹೆಸರಿನಿಂದ ಊರೆಲ್ಲ ಈ ತಾಯಿಯನ್ನು ಮಾಮಾ ನೇಮಾ ಎನ್ನುತ್ತಿತ್ತು, ತಂದೆಯನ್ನು ಬಾಬಾ ನೇಮಾ.

"ಇದರಲ್ಲಿ ಅಂಗಡಿ ಸಾಮಾನು ಹಾಕ್ಬಹುದಾ?" ಎಂದು ಕೇಳಿದಳು.

"ಛೇ, ಸೀಟು ಹಾಳಾಗುತ್ತೆ."

"ಹಂಗಾದ್ರೆ ಇದು ಯಾತಕ್ಕೆ ಬಾಬಾ ನೇಮಾ?"

ಅವನು ಅಂಗಿಯ ತೋಳಿನಿಂದ ಗಾಡಿಯ ಕನ್ನಡಿ ಒರೆಸಿದ.

ಎರಡನೇ ತಿಂಗಳಿಗೇ ಗಾಡಿ ತನ್ನ ಗುಣ ತೋರಿಸಿತು. ಹಿಂದಿನ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರು ಚೀಲಗಳು. ಅವು ಎಲ್ಲಿಯೋ ಸೋರುತ್ತಿದ್ದವು. ಒಂದು ಗಂಟೆ ನಿಲ್ಲಿಸಿದರೆ ಸಾಕು, ಗಾಡಿ ಹಿಂಗಾಲು ಮಡಿಸಿ ಕೂತುಬಿಡುತ್ತಿತ್ತು. ಎಂಜಿನ್ ಶುರು ಮಾಡಿ ಹತ್ತು ನಿಮಿಷ ಕಾದರೆ ನರಳುತ್ತಾ ಮೇಲೇಳುತ್ತಿತ್ತು. ಇದಾದರೂ ಪರವಾಗಿಲ್ಲ. ಎರಡನೆಯ ಕಾಯಿಲೆ ಮಾನ ತೆಗೆಯುವಂಥದು. ಕಾದ ಎಂಜಿನ್ನನ್ನು ಆರಿಸಿದರೆ ಮತ್ತೆ ಮುಕ್ಕಾಲು ಗಂಟೆ ಅದು ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಎನ್ನುವುದು, ಅಷ್ಟೇ. ಇಲಾಲಾ ಬಡಾವಣೆಯ ಮೆಕ್ಯಾನಿಕ್ ಶೋಮಾರಿ ಸೆನ್ಸರ್ ಬದಲಿಸಿದ, ಪಂಪು ಬದಲಿಸಿದ, ಒಂದು ವಾರ ಚೆನ್ನಾಗಿರುತ್ತಿತ್ತು, ಎಂಟನೆಯ ದಿನ ಮತ್ತೆ ಟಿಕ್.

"ಬಾಸ್, ಈ ಗಾಡಿ ನಮ್ಮ ಅತ್ತೆ ಇದ್ದ ಹಾಗೆ," ಎಂದ ಶೋಮಾರಿ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. "ಮೊಣಕಾಲು ವಾಸಿ ಮಾಡಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಮಾರಿಬಿಡಿ."

ಮಾರಿದರೆ ಡಿಸೆಂಬರಿನಲ್ಲಿ ಏನು ಹೇಳುವುದು? ಎಲಿಸಾರಿಯಾ ಮಾರಲಿಲ್ಲ, ಬದಲಿಗೆ ಸುಳ್ಳು ಹೇಳಲು ಕಲಿತ. ಮೊದಲ ವರ್ಷ ಊರಿಗೆ ತಂದಾಗ ಗಾಡಿ ಅಂಗಳದಲ್ಲಿ ಕೂತದ್ದನ್ನು ನೋಡಿ ಅವನ ಅಮ್ಮ, "ಇದೇನು ಮಗಾ, ಕುಸಿದುಹೋಯ್ತಲ್ಲ?" ಎಂದಳು. "ಇಲ್ಲಮ್ಮ, ವಯಸ್ಸಾದವರಿಗೆ ಹತ್ತೋಕೆ ಸುಲಭ ಆಗ್ಲಿ ಅಂತ ಅದು ತಾನಾಗೇ ಮಂಡಿ ಊರುತ್ತೆ," ಎಂದ. ಮುದುಕಿ ಹಿಗ್ಗಿದಳು. ಮಗನ ಗಾಡಿ ತನಗೆ ಮಂಡಿಯೂರುತ್ತದೆ ಎಂದು ಇಗರ್ಜಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ದಾರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮದುವೆ ಮನೆಯ ಮುಂದೆ ಎಂಜಿನ್ ಆರಿಸದೆಯೇ ನಿಲ್ಲಿಸುತ್ತಿದ್ದುದಕ್ಕೂ ಒಂದು ಕಾರಣ ಹುಟ್ಟಿಸಿದ: ಇಂಥ ಎಂಜಿನ್ನುಗಳನ್ನು ಸುಮ್ಮಸುಮ್ಮನೆ ಆರಿಸಬಾರದಂತೆ, ಕಂಪನಿಯವರೇ ಹೇಳಿದ್ದಾರಂತೆ. ಮನೆಯಲ್ಲಿ ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಊರವರ ಮುಂದೆ ತುಟಿ ಬಿಚ್ಚಲಿಲ್ಲ. ಎರಡು ಕ್ರಿಸ್ಮಸ್ ಹೀಗೆಯೇ ದಾಟಿದವು.

ಮೂರನೆಯದರಲ್ಲಿ ಅಮ್ಮನಿಗೆ ಎಂಬತ್ತು ತುಂಬಿತು. ಇಪ್ಪತ್ತಾರನೇ ತಾರೀಕು ಇಗರ್ಜಿಯಲ್ಲಿ ಅವಳ ಹೆಸರಿನಲ್ಲಿ ದೇವರಿಗೆ ಕೃತಜ್ಞತೆಯ ಪೂಜೆ, ಇಪ್ಪತ್ತೇಳಕ್ಕೆ ಮನೆತನದ ಮೇಕೆ ಕಡಿಯುವುದು ಎಂದು ನಿಗದಿಯಾಗಿತ್ತು. ಎಲಿಸಾರಿಯಾ ಹನ್ನೊಂದು ಗಂಟೆ ಎಂಜಿನ್ ಆರಿಸದೆ ಓಡಿಸಿ ಇಪ್ಪತ್ಮೂರಕ್ಕೆ ಬೆಟ್ಟ ಹತ್ತಿದ. ಗಾಡಿ ಕೆಂಪು ಧೂಳಿನಲ್ಲಿ ಮುಳುಗೆದ್ದಂತಿತ್ತು.

ಮಾರನೆಯ ಬೆಳಿಗ್ಗೆ ಅವನು ಟೀ ಲೋಟ ಹಿಡಿದು ಹೊರಗೆ ಬಂದರೆ ಗಾಡಿ ಮಿರಿಮಿರಿ ಮಿಂಚುತ್ತಿದೆ. ಅಣ್ಣ ಕುಂದಾಯೆಲಿ ಪ್ಯಾಂಟು ಮೊಣಕಾಲಿಗೆ ಮಡಚಿ, ಹಳೆ ಬನಿಯನ್ನಿನಿಂದ ಕೊನೆಯ ಚಕ್ರ ಒರೆಸುತ್ತಿದ್ದಾನೆ. ಕುಂದಾಯೆಲಿ ಬೆಟ್ಟ ಬಿಟ್ಟು ಹೋದವನಲ್ಲ. ಅಪ್ಪನ ಮನೆ, ಕಾಫಿ, ಬಾಳೆ, ಕೊಟ್ಟಿಗೆಯ ಎರಡು ಹಸು, ಇಷ್ಟು ಅವನ ಲೋಕ. ಹಿರಿಯ ಮಗನಾದ್ದರಿಂದ ಮನೆತನದ ಮೇಕೆಯನ್ನು ಕಡಿದು, ಯಾರಿಗೆ ಯಾವ ಭಾಗ ಎಂದು ಹಂಚುವ ಹಕ್ಕು ಅವನದು. ನಸುಕಿನಲ್ಲೇ ಎದ್ದು ಮೇಲಿನ ಕಾಲುವೆಯಿಂದ ಹದಿನಾರು ಬಕೆಟ್ ನೀರು ಹೊತ್ತು ತಂದಿದ್ದ.

"ಎಲಿಸಾ, ಬಾ ಇಲ್ಲಿ, ನೋಡು. ಮುಖ ಕಾಣುತ್ತೆ ಇದರಲ್ಲಿ!"

"ಅಣ್ಣಾ, ದಾರ್‌ನಲ್ಲಿ ದುಡ್ಡು ಕೊಟ್ರೂ ಯಾರೂ ಹಿಂಗೆ ತೊಳೆಯಲ್ಲ," ಎಂದ ಎಲಿಸಾರಿಯಾ. ಅದು ಮನಸ್ಸಿನಿಂದ ಬಂದ ಮಾತು. ಆ ಮಾತನ್ನು ಅಣ್ಣ ಅವತ್ತು ಮಧ್ಯಾಹ್ನದೊಳಗೆ ಹತ್ತು ಜನರಿಗೆ ಹೇಳಿದ.

ಇಪ್ಪತ್ತಾರರ ಬೆಳಿಗ್ಗೆ ಅಮ್ಮ ಬಣ್ಣಬಣ್ಣದ ಚಿತ್ತಾರದ ಹೊಸ ಕಿಟೆಂಗೆ ಬಟ್ಟೆ ಉಟ್ಟು, ಅದೇ ಬಟ್ಟೆಯ ರುಮಾಲು ಕಟ್ಟಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಹೆಂಡತಿ, ನೇಮಾ, ಅತ್ತಿಗೆ, ಪಕ್ಕದಲ್ಲಿ ಅಣ್ಣ. ಅಣ್ಣ ಅಪ್ಪನ ಕೋಟು ಹಾಕಿದ್ದ. ಬೂಟಿನ ಮಣ್ಣು ಹತ್ತೀತೆಂದು ದಾರಿಯುದ್ದಕ್ಕೂ ಪಾದಗಳನ್ನು ಎತ್ತಿ ಹಿಡಿದೇ ಕೂತಿದ್ದ. ಇಗರ್ಜಿಯ ದಾರಿ ಎರಡು ಬೇಲಿಗಳ ನಡುವಿನ ಕಿರಿದಾದ ಏರು. ಹಿಂದೆ ಗಾಡ್‌ಲಿಸನ್‌ನ ಗಾಡಿ, ಅದರ ಹಿಂದೆ ನೆಂಟರ ಇಪ್ಪತ್ತೋ ಇಪ್ಪತ್ತೈದೋ ಕಾರುಗಳು. ಗೇಟಿನಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡ ಇಗರ್ಜಿಯ ಹಿರಿಯನೊಬ್ಬ ಕೋಲು ಅಡ್ಡ ಹಿಡಿದ. ಪಾದ್ರಿಗಳು ಗೇಟಿನಲ್ಲೇ ಎಂಬತ್ತರ ತಾಯಿಗೆ ಪ್ರಾರ್ಥನೆ ಹೇಳಿ ಒಳಗೆ ಕರೆದುಕೊಳ್ಳುತ್ತಾರಂತೆ.

"ಎಂಜಿನ್ ಆರಿಸಪ್ಪ."

"ತಾತಾ, ಈ ಗಾಡೀನ ಹಂಗೆಲ್ಲ ಆರಿಸೋ ಹಾಗಿಲ್ಲ. ಕಂಪನಿಯವರು..."

"ದೇವರ ಮುಂದೆ ಯಾವ ಕಂಪನಿ ಗಾಡಿಯಾದ್ರೂ ಆರುತ್ತೆ. ಆರಿಸು."

"ಆರಿಸು ಮಗಾ," ಎಂದಳು ಅಮ್ಮ, ಕಣ್ಣು ಮುಚ್ಚಿ ಕೈಜೋಡಿಸಿಕೊಂಡು.

ಆರಿಸಿದ. ಪಾದ್ರಿಗಳು ಕಿಟಕಿಯ ಬಳಿ ನಿಂತು ಐದು ನಿಮಿಷ ಪ್ರಾರ್ಥನೆ ಮಾಡಿದರು. ಎಲ್ಲರೂ ಆಮೆನ್ ಎಂದರು. ಎಲಿಸಾರಿಯಾ ಕೀಲಿ ತಿರುಗಿಸಿದ. ಟಿಕ್. ಇನ್ನೊಮ್ಮೆ ತಿರುಗಿಸಿದ. ಟಿಕ್. ಒಳಗೆ ವಾದ್ಯದವರು ಕಾಯುತ್ತಿದ್ದರು, ಹಿಂದೆ ಹಾರ್ನುಗಳು ಶುರುವಾದವು. ತುಂಬಿದ ಗಾಡಿ ಬೇಗ ಕೂರುತ್ತಿತ್ತು, ಅವತ್ತೂ ಕೂತಿತು. ಬೆನ್ನು ನಿಧಾನವಾಗಿ ಇಳಿಯುತ್ತಿರುವುದು ಸೀಟಿನಲ್ಲಿದ್ದ ಅವನಿಗೇ ತಿಳಿಯುತ್ತಿತ್ತು. ಅಮ್ಮ ಒಂದು ಕ್ಷಣ ಮಗನ ಮುಖ ನೋಡಿ, ಬಾಗಿಲು ತೆರೆಸಿಕೊಂಡು, ಸೊಸೆಯ ತೋಳು ಹಿಡಿದು ಇಳಿದಳು. ಕೋಲೂರಿಕೊಂಡು ಆ ಏರನ್ನು ನಡೆದೇ ಹತ್ತಿದಳು.

ಗಾಡ್‌ಲಿಸನ್ ಇಳಿದು ಬಂದ. ಅವನ ಹಿಂದೆ ಅರ್ಧ ಊರು.

"ಏನೋ ಇದು? ಪ್ರಾರ್ಥನೆ ಮುಗೀತು, ನಿನ್ನ ಗಾಡಿ ಇನ್ನೂ ಮಂಡಿ ಊರ್ಕೊಂಡೇ ಇದೆಯಲ್ಲ! ನಮಗಿಂತ ಭಕ್ತಿ ಜಾಸ್ತಿ ಕಣಪ್ಪ ಇದಕ್ಕೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಲಿನ ಹಿರಿಯನೂ ನಕ್ಕ. ಎಲಿಸಾರಿಯಾನಿಗೆ ಕಿವಿ ಕಾದು ಕೆಂಡವಾಯಿತು. ಆ ಹೊತ್ತಿನಲ್ಲಿ ಅವನು ಸುಮ್ಮನಿರಬಹುದಿತ್ತು. ಕೆಟ್ಟ ಗಾಡಿ ಕೊಂಡೆ ಕಣಯ್ಯಾ ಎಂದು ತಾನೂ ನಗಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಬಾಯಿ ಅವನಿಗಿಂತ ಮುಂದೆ ಓಡಿತು.

"ನಗ್ತೀರಲ್ಲ! ಮೊನ್ನೆ ನಮ್ಮಣ್ಣ ಇದರ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದಿದ್ದಾನೆ. ಒಳಗೆಲ್ಲ ಕಂಪ್ಯೂಟರ್ ಇರೋ ಗಾಡಿ ಇದು. ಹಸು ಮೈ ತೊಳೆದ ಹಾಗೆ ತೊಳೆದ್ರೆ ಇನ್ನೇನಾಗುತ್ತೆ?"

ನಗು ನಿಂತಿತು. ಎಲ್ಲರ ಕಣ್ಣೂ ಕುಂದಾಯೆಲಿಯ ಕಡೆ ಹೊರಳಿತು. ಅವನು ಗಾಡಿಯನ್ನು ತಳ್ಳಲೆಂದು ಹಿಂದಕ್ಕೆ ಹೋಗಿ ಎರಡು ಕೈ ಊರಿ ನಿಂತಿದ್ದ. ಆ ಕೈಗಳನ್ನು ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಹಿಂದಕ್ಕೆ ತೆಗೆದುಕೊಂಡ. "ಹೌದಾ?" ಎಂದ ಮೆಲ್ಲಗೆ. "ನನಗೆ ಗೊತ್ತಾಗ್ಲಿಲ್ಲ."

ಆ ಗಾಡಿಯ ಬಾನೆಟ್ಟು ತೆರೆಯುವ ಹಿಡಿ ಒಳಗಿದೆ, ಮೊನ್ನೆ ಬಾಗಿಲುಗಳಿಗೆ ಬೀಗ ಬಿದ್ದಿತ್ತು, ಅಣ್ಣನ ನೀರಿನ ಒಂದು ಹನಿಯೂ ಎಂಜಿನ್ನಿಗೆ ತಾಗಿರಲು ಸಾಧ್ಯವಿಲ್ಲ ಎಂಬುದು ಎಲಿಸಾರಿಯಾನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಣ್ಣನ ಕಡೆ ನೋಡದೆ ಕೀಲಿಯನ್ನು ಇನ್ನೊಮ್ಮೆ ತಿರುಗಿಸಿದ.

ಹುಡುಗರು ಗಾಡಿಯನ್ನು ಬೇಲಿಯ ಕಡೆಗೆ ತಳ್ಳಿದರು. ಎಲ್ಲರೂ ಒಳಗೆ ಹೋದರು. ಯಾರ ಮುಖ ನೋಡಲೂ ಆಗದೆ ಅವನು ಗಾಡಿಯಲ್ಲೇ ಕೂತ. ಅಮ್ಮನ ಹೆಸರು ಕೂಗಿದ್ದು, ಅವಳು ಎದ್ದು ನಿಂತದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದು, ಹಾಡು, ಎಲ್ಲ ಹೊರಗಿನಿಂದಲೇ ಕೇಳಿದ. ಮುಕ್ಕಾಲು ಗಂಟೆ ಕಳೆದ ಮೇಲೆ ಗಾಡಿ ಏನೂ ಆಗದ ಹಾಗೆ ಶುರುವಾಯಿತು. ಪೂಜೆ ಮುಗಿಸಿ ಬಂದವರು ಅದನ್ನು ನೋಡಿ ತಲೆಯಾಡಿಸಿದರು. "ನೋಡಿದ್ರಾ, ನೀರು ಆರಿತು, ಗಾಡಿ ಸರಿಹೋಯ್ತು. ಪಾಪ ಕುಂದಾಯೆಲಿಗೇನು ಗೊತ್ತು." ಸುಳ್ಳಿಗೆ ಊರೇ ಸಾಕ್ಷಿ ಹೇಳಿತು.

ಮನೆಗೆ ಬಂದ ಮೇಲೆ ಹೆಂಡತಿ ಕೋಣೆಯ ಬಾಗಿಲು ಹಾಕಿದಳು.

"ಹೋಗಿ ಹೇಳಿ."

"ಹೇಳ್ತೀನಿ ಮಾರಾಯ್ತಿ. ಎಲ್ಲರೂ ಇದ್ದಾರೆ, ಸ್ವಲ್ಪ ಹೊತ್ತು ಹೋಗ್ಲಿ."

"ಬೈಯೋವಾಗ ಎಲ್ಲರೂ ಇರಲಿಲ್ವಾ?"

ಆ ಬೆಟ್ಟದಲ್ಲಿ ತಪ್ಪು ಮಾಡಿದವನಿಗೆ ಒಂದು ದಾರಿ ಇದೆ. ಹೊಲ ತೋಟಗಳ ಬೇಲಿಯಲ್ಲಿ ಬೆಳೆಯುವ ಇಸಾಲೆ ಗಿಡದ ಉದ್ದನೆಯ ಎಲೆಯೊಂದನ್ನು ಕಿತ್ತು, ಗಂಟು ಹಾಕಿ, ಒಬ್ಬ ಹಿರಿಯನ ಜೊತೆ ಹೋಗಿ ನೊಂದವನ ಕೈಗೆ ಕೊಡಬೇಕು. ಎಲೆ ತಂದವನನ್ನು ಯಾರೂ ಹಿಂದಕ್ಕೆ ಕಳಿಸುವಂತಿಲ್ಲ, ಕೊಲೆಗೆ ಕೊಲೆ ಎಂದು ನಿಂತವರೂ ಎಲೆ ಕಂಡರೆ ಕತ್ತಿ ಇಳಿಸಬೇಕು. ಎಲೆ ಕೈ ಬದಲಾಯಿಸಿದ ಮೇಲೆ ಆ ವಿಷಯ ಮುಗಿಯಿತು. ಮತ್ತೆ ಅದನ್ನು ಎತ್ತುವುದು ಮನೆತನಕ್ಕೇ ಕೇಡು.

ಇಪ್ಪತ್ತೇಳರ ಬೆಳಿಗ್ಗೆ ಎಲಿಸಾರಿಯಾ ಬೇಲಿಗೆ ಹೋಗಿ ಒಂದು ಎಲೆ ಕಿತ್ತ. ಗಂಟು ಹಾಕಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡ. ಅಂಗಳಕ್ಕೆ ಬರುವ ಹಿರಿಯರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡರಾಯಿತು ಎಂದು ಹೊರಟ. ಅಣ್ಣನ ಬಾಗಿಲಿಗೆ ಮೂವತ್ತು ಹೆಜ್ಜೆ. ಇಪ್ಪತ್ತು ನಡೆದಿರಬಹುದು, ಅಷ್ಟರಲ್ಲಿ ಗಾಡ್‌ಲಿಸನ್ ಎದುರಿಗೆ ಸಿಕ್ಕಿ, "ಎಲ್ಲಿಗೋ? ಗಾಡಿಗೆ ಬೆಳಗಿನ ಪ್ರಾರ್ಥನೆ ಆಯ್ತಾ?" ಎಂದ. ಎಲೆ ಕೊಟ್ಟರೆ ಯಾವ ತಪ್ಪಿಗೆ ಎಂದು ಹಿರಿಯರ ಮುಂದೆ ಹೇಳಬೇಕು. ಹೇಳಿದರೆ ಮೂರು ವರ್ಷದ ಸುಳ್ಳೆಲ್ಲ ಒಂದೊಂದಾಗಿ ಹೊರಗೆ ಬೀಳುತ್ತದೆ, ಬಿದ್ದದ್ದನ್ನೆಲ್ಲ ಈ ಗಾಡ್‌ಲಿಸನ್ ಆರಿಸಿಕೊಂಡು ಅರುಷಾಕ್ಕೆ ಒಯ್ಯುತ್ತಾನೆ. "ಸುಮ್ನೆ ಬಂದೆ," ಎಂದು ಎಲಿಸಾರಿಯಾ ತಿರುಗಿದ. ಊಟದ ಮೇಲೆ ಕೊಟ್ಟರಾಯಿತು ಎಂದುಕೊಂಡ.

ಮೇಕೆಯನ್ನು ಅಂಗಳದ ಆವಕಾಡೊ ಮರಕ್ಕೆ ಕಟ್ಟಿದ್ದರು. ನಲವತ್ತು ಜನ ನೆಂಟರು, ಬಾಳೆಹಣ್ಣಿನಿಂದ ಮಾಡುವ ‘ಎಂಬೆಗೆ’ ಎಂಬ ಹೆಂಡದ ಎರಡು ಪೀಪಾಯಿ, ಎಲ್ಲ ಸಿದ್ಧ. ಕಡಿಯಬೇಕಾದ ಕುಂದಾಯೆಲಿ ಮಾತ್ರ ಇಲ್ಲ. ಹತ್ತಾಯಿತು, ಹನ್ನೊಂದಾಯಿತು. ಅಣ್ಣ ಮುನಿಸಿಕೊಂಡಿದ್ದಾನೆ ಎಂದು ಎಲಿಸಾರಿಯಾನಿಗೆ ಒಳಗೊಳಗೇ ಒಂದು ಥರದ ಸಮಾಧಾನ. ಅವನೂ ನಾಲ್ಕು ಮಾತು ಬೈದರೆ ಲೆಕ್ಕ ಸರಿಹೋಗುತ್ತದಲ್ಲ!

ಮಧ್ಯಾಹ್ನದ ಹೊತ್ತಿಗೆ ಕುಂದಾಯೆಲಿ ಬಂದ. ಅದೇ ಅಪ್ಪನ ಕೋಟು. ಪಕ್ಕದಲ್ಲಿ ಚಿಕ್ಕಪ್ಪ ಫಿಲೆಮೋನಿ, ಅವರನ್ನು ಕರೆತರಲು ಅಣ್ಣ ಕೆಳಗಿನ ಹಳ್ಳಿಗೆ ನಡೆದುಹೋಗಿದ್ದನಂತೆ. ಅಣ್ಣನ ಕೈಯಲ್ಲಿ ಗಂಟು ಹಾಕಿದ ಇಸಾಲೆ ಎಲೆ.



"ಎಲ್ಲರೂ ಕೇಳಿ," ಎಂದರು ಚಿಕ್ಕಪ್ಪ. "ಕುಂದಾಯೆಲಿ ತಮ್ಮನ ವಸ್ತು ಕೆಡಿಸಿದ್ದಾನೆ, ತಾಯಿಯ ದಿನಕ್ಕೆ ಅಡ್ಡಿ ಮಾಡಿದ್ದಾನೆ. ಬೇಕೂಂತ ಮಾಡಿದ್ದಲ್ಲ. ಎಲೆ ತಂದಿದ್ದಾನೆ."

ಕುಂದಾಯೆಲಿ ಮುಂದೆ ಬಂದ. ಐವತ್ತೆಂಟು ವರ್ಷದ ಗಂಡಸು ತಮ್ಮನ ಮುಂದೆ ತಲೆ ತಗ್ಗಿಸಿ ನಿಂತ. "ಎಲಿಸಾ, ನೀನು ಹೇಳಿದ್ದು ಸರಿ. ಹಸು ಮೈ ತೊಳೆದ ಹಾಗೆ ತೊಳೆದ್ಬಿಟ್ಟೆ. ನಾನು ಬೆಟ್ಟದವನು, ಅಂಥದ್ದನ್ನೆಲ್ಲ ಮುಟ್ಟಿದವನಲ್ಲ. ನಿನಗೆ ಖುಷಿಯಾಗ್ಲಿ ಅಂತ ಮಾಡ್ದೆ ಕಣೋ. ಅಮ್ಮ ನಡೆದು ಹತ್ತಿದ್ದು ನೋಡಿ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಕ್ಷಮಿಸು."

ಇಂಥ ನಾಚಿಕೆ ಎಲಿಸಾರಿಯಾ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಜೇಬಿನಲ್ಲಿ ಇನ್ನೊಂದು ಎಲೆ ಇತ್ತು. ಕೈ ಒಳಗೆ ಹಾಕಿ ಅದನ್ನು ತೆಗೆದರೆ ಸಾಕಿತ್ತು, ಬಾಯಿಯನ್ನೂ ಬಿಡಬೇಕಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು. ಗಾಡ್‌ಲಿಸನ್ ನೋಡುತ್ತಿದ್ದ. ಅಮ್ಮ ಕುರ್ಚಿಯ ಮೇಲೆ ಕೂತು, ಇಬ್ಬರು ಮಕ್ಕಳೂ ಒಂದಾಗುತ್ತಾರೆಂದು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲಿಸಾರಿಯಾ ಕೈ ಮುಂದೆ ಚಾಚಿ ಅಣ್ಣನ ಎಲೆ ತೆಗೆದುಕೊಂಡ.

"ಆಯ್ತಣ್ಣ," ಎಂದ.

ಹೆಂಗಸರು ಸಂತೋಷದಿಂದ ನಾಲಿಗೆ ಹೊರಳಿಸಿ ಕೂಗು ಹಾಕಿದರು. ಚಿಕ್ಕಪ್ಪ ಕೋಲು ಎತ್ತಿದರು. "ಎಲೆ ಕೊಟ್ಟಾಯ್ತು, ಎಲೆ ತಗೊಂಡಾಯ್ತು. ಇನ್ನು ಈ ಮಾತು ಎತ್ತಿದವನು ಮನೆ ಒಡೆಯೋಕೆ ಬಂದವನು ಅಂತ ತಿಳ್ಕೊಳ್ಳಿ." ಕುಂದಾಯೆಲಿಯ ಮುಖ ಅರಳಿತು. ತೋಳು ಮಡಚಿ ಮೇಕೆ ಕಡಿದ, ಹುರಿದ, ಹಂಚಿದ. ತಮ್ಮನಿಗೆ ಎದೆಯ ಮಾಂಸದ ಒಳ್ಳೆಯ ತುಂಡು ತಾನೇ ತಂದುಕೊಟ್ಟು, ತಿನ್ನುವ ತನಕ ಎದುರಿಗೇ ನಿಂತ. ಎಲಿಸಾರಿಯಾ ತಿಂದ. ಹೆಂಡತಿ ಅವತ್ತು ರಾತ್ರಿ ನೇಮಾಳ ಪಕ್ಕದಲ್ಲಿ ಮಲಗಿದಳು.

ಮಾರನೆಯ ದಿನ ಮಧ್ಯಾಹ್ನ ಅವನು ಕೊಟ್ಟಿಗೆಗೆ ಹೋದ. ಅಣ್ಣ ಬಾಳೆದಿಂಡು ಕೊಚ್ಚಿ ಹಸುಗಳಿಗೆ ಹಾಕುತ್ತಿದ್ದ.

"ಅಣ್ಣಾ, ಆ ಗಾಡಿ ಇದೆಯಲ್ಲ, ಅದು ಮೊದಲಿಂದಲೂ..."

"ಶ್!" ಕುಂದಾಯೆಲಿ ಗಾಬರಿಯಿಂದ ಬಾಗಿಲ ಕಡೆ ನೋಡಿದ. "ಬಾಯಿ ಮುಚ್ಚೋ. ಎಲೆ ಆದ್ಮೇಲೆ ಮಾತಾಡ್ತಾರಾ ಯಾರಾದ್ರೂ?"

"ಇಲ್ಲ, ಕೇಳು. ತಪ್ಪು ನಿನ್ನದಲ್ಲ. ನೀನು ತೊಳೆದಿದ್ದಕ್ಕೆ ಆಗಿದ್ದಲ್ಲ ಅದು."

ಅಣ್ಣ ಕತ್ತಿ ಕೆಳಗಿಟ್ಟು ಅವನ ಭುಜದ ಮೇಲೆ ಕೈಯಿಟ್ಟ. ನಕ್ಕ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ತಮ್ಮಾ. ನಿನ್ನ ಮನಸ್ಸು ದೊಡ್ಡದು, ನನಗೆ ಗೊತ್ತು."

ಎಲಿಸಾರಿಯಾ ಇನ್ನೂ ಹೇಳಬಹುದಿತ್ತು. ಕೂಗಿ ಹೇಳಬಹುದಿತ್ತು. ನಿಜ ಹೇಳಲು ಒಪ್ಪಿಗೆ ಇದ್ದ ಹೊತ್ತಿನಲ್ಲೆಲ್ಲ ಬಾಯಿ ಕಟ್ಟಿಕೊಂಡಿದ್ದವನಿಗೆ, ಹೇಳಬಾರದ ಹೊತ್ತಿನಲ್ಲಿ ಎಲ್ಲಿಂದ ಧೈರ್ಯ ಬರಬೇಕು? ಹಸುಗಳು ತಿನ್ನುವುದನ್ನು ನೋಡಿ ವಾಪಸು ಬಂದ. ಕೋಟಿನ ಜೇಬಿನ ಎಲೆ ಬಾಡಿತ್ತು. ಅದನ್ನು ಎಸೆಯಲು ಮನಸ್ಸು ಬಾರದೆ ಚೀಲದ ತಳದಲ್ಲಿ ಇಟ್ಟ.

ಜನವರಿ ಎರಡಕ್ಕೆ ಹೊರಟರು. ಎಂಜಿನ್ ಶುರು ಮಾಡಿ, ಗಾಡಿಯ ಬೆನ್ನು ಮೇಲೇಳಲೆಂದು ಎಲಿಸಾರಿಯಾ ಸ್ಟಿಯರಿಂಗ್ ಹಿಡಿದು ಕಾಯುತ್ತಾ ಕೂತ. ಕುಂದಾಯೆಲಿ ಒಂದು ದೊಡ್ಡ ಬಾಳೆಗೊನೆ ಹೊತ್ತು ತಂದವನು ಗಾಡಿಗೆ ನಾಲ್ಕು ಮಾರು ದೂರದಲ್ಲೇ ನಿಂತ.

"ಮಾಮಾ ನೇಮಾ, ನೀನೇ ಇಟ್ಕೊಳ್ಳಮ್ಮ. ನಾನು ಹತ್ತಿರ ಬರಲ್ಲ."

"ಬನ್ನಿ ಭಾವ, ಏನೂ ಆಗಲ್ಲ," ಎಂದಳು ಅವಳು.

"ಬೇಡಮ್ಮ, ಬೇಡ."

ಗೊನೆ ಕೊಟ್ಟು ಅವನು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಅಷ್ಟರಲ್ಲಿ ಅವನ ಮೊಮ್ಮಕ್ಕಳು ಓಡಿಬಂದು ಗಾಡಿಯ ಮಿಂಚುವ ಬಾಗಿಲಿಗೆ ಅಂಗೈ ಒತ್ತಿ ನೋಡತೊಡಗಿದವು. ಕುಂದಾಯೆಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ತೆರೆದ ಕಿಟಕಿಯಿಂದ ಅದು ಎಲಿಸಾರಿಯಾನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.

"ಏಯ್, ಮುಟ್ಬೇಡ್ರೋ! ದೂರ ಬನ್ನಿ. ಅದು ಬಹಳ ಸೂಕ್ಷ್ಮದ ಗಾಡಿ. ಎಲೆ ಆದ್ಮೇಲೆ ದೂರು ಎತ್ತಬಾರದು, ಹೊಗಳೋಕೇನು ತಡೆ? ನಿಮ್ಮಜ್ಜ ಮುಟ್ಟಿ ಅದನ್ನ ಕೆಡಿಸಿದ್ದ. ಆದ್ರೂ ನನ್ನ ತಮ್ಮ ದೇವರಂಥವನು, ಕ್ಷಮಿಸಿಬಿಟ್ಟ."